ಹತ್ತು ಎಣಿಸುವಷ್ಟು ಹೊತ್ತು

ನನ್ನ ಶೆಡ್ಡಿನ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಬಟ್ಟೆ ನೇತಾಡುತ್ತದೆ. ಹಳೆಯ ಪಂಚೆಯಿಂದ ಹರಿದ ಮೊಳದುದ್ದದ ತುಂಡು. ಒಂದು ಬದಿಗಿದ್ದ ಬೆರಳಗಲದ ಕೆಂಪಂಚು ಮಸಿ ಹಿಡಿದು ಈಗ ಇದೆಯೋ ಇಲ್ಲವೋ ಎಂಬಂತಾಗಿದೆ. ವ್ಯಾನು ನೋಡಿಸಲು ಬಂದವರು ಅದನ್ನು ಕಂಡು, “ಮೇಸ್ತ್ರಿ, ಆ ಚಿಂದಿ ಬಿಸಾಕಿ. ನಮ್ಮನೇಲಿ ಹಳೇ ಟವಲ್ಲು ಬೇಕಾದಷ್ಟವೆ, ತಂದ್ಕೊಡ್ತೀನಿ” ಅನ್ನುತ್ತಾರೆ. ಆಗಲಿ ಅನ್ನುತ್ತೇನೆ. ತಂದುಕೊಟ್ಟ ಟವಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತೇನೆ. ಆದರೆ ಪರೀಕ್ಷೆಗೆ ಆ ಬಟ್ಟೆಯೇ ಬೇಕು. ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಉಂಡೆ ಮಾಡಿಕೊಂಡು ಓಡುತ್ತಿರುವ ವ್ಯಾನಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತೇನೆ.

ನಮ್ಮ ಕಸುಬಿನವರಿಗೆ ಗೊತ್ತಿರುವ ಪರೀಕ್ಷೆಯೇ ಇದು. ಇಂಜಿನ್ನು ಓಡುತ್ತಿರುವಾಗ ಸೈಲೆನ್ಸರ್ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು. ಹೊಗೆ ಹೋಗಲು ದಾರಿಯಿಲ್ಲದೆ ಇಂಜಿನ್ನು ಏದುಸಿರು ಬಿಟ್ಟು, ಹತ್ತು ಎಣಿಸುವಷ್ಟರಲ್ಲಿ ನಿಂತುಹೋದರೆ ಕೊಳವೆ ಗಟ್ಟಿಯಿದೆ ಎಂದು ಲೆಕ್ಕ. ನಿಲ್ಲದೆ ಓಡುತ್ತಲೇ ಇದ್ದರೆ ಹೊಗೆ ಬೇರೆಲ್ಲೋ ದಾರಿ ಮಾಡಿಕೊಂಡಿದೆ.

ನಾನು ಮೂರನೆಯ ತರಗತಿಯ ಪುಸ್ತಕ ಮುಗಿಸಿದವನಲ್ಲ. ಕಾಗದದಲ್ಲಿ ಏನು ಬರೆದಿದೆಯೆಂದು ಓದಿ ಗಾಡಿಯ ಬೆಲೆ ಹೇಳುವುದು ನನಗೆ ಬರುವುದಿಲ್ಲ. ಕೂತು, ಒತ್ತಿ, ಮೂಸಿ, ಕಿವಿಗೊಟ್ಟು ಹೇಳುತ್ತಿದ್ದೆ. ನಮ್ಮೂರಿನಲ್ಲಿ ಯಾರೇ ಹಳೆಯ ವ್ಯಾನು ಕೊಳ್ಳಲಿ, ಮೊದಲು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸುತ್ತಿದ್ದರು. ನಾನು ಹೂಂ ಅಂದರೆ ತಗೊಳ್ಳುತ್ತಿದ್ದರು, ಊಹೂಂ ಅಂದರೆ ಬಿಡುತ್ತಿದ್ದರು. ನನಗೆ ಅದರ ಹೆಮ್ಮೆಯೂ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಓಬಳಪ್ಪನವರ ಮನೆಯವರು ವ್ಯಾನು ತಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಅವರದು ವಾಲಗದ ಮನೆ. ಊರಿನ ಮುಕ್ಕಾಲು ಪಾಲು ಮದುವೆಗಳು ಓಬಳಪ್ಪನವರ ನಾಗಸ್ವರದಲ್ಲೇ ಆಗಿದ್ದವು, ನನ್ನದೂ ಸೇರಿ. ಹಲ್ಲು ಉದುರಿದ ಮೇಲೆ ಅವರು ನಾಗಸ್ವರವನ್ನು ಕಿರಿಯ ಮಗ ಶೇಷಾದ್ರಿಗೆ ಕೊಟ್ಟಿದ್ದರು. ಹಿರಿಯ ಮಗ ಸುಬ್ಬರಾಯ ಡೋಲು ಬಾರಿಸುತ್ತಿದ್ದ. ಅಲ್ಲಿಯವರೆಗೆ ಅವರು ಮದುವೆಗಳಿಗೆ ಬಸ್ಸಿನಲ್ಲೇ ಹೋಗುತ್ತಿದ್ದರು. ಡೋಲನ್ನು ಕಂಡಕ್ಟರು ಒಳಗೆ ಬಿಡುತ್ತಿರಲಿಲ್ಲ, ಮೇಲೆ ಕಟ್ಟಿದರೆ ಇಬ್ಬನಿಗೋ ತುಂತುರಿಗೋ ಚರ್ಮ ಸಡಿಲವಾಗಿ, ಮುಹೂರ್ತದ ಹೊತ್ತಿಗೆ ಡೋಲು ಡೊಬ್ಬೆನ್ನುತ್ತಿತ್ತು. ಹಾಗೆ ಎರಡು ಮದುವೆ ಮನೆಗಳಲ್ಲಿ ಮಾನ ಹೋಗಿ, ಜನ ಪಕ್ಕದೂರಿನ ವಾಲಗ ಕರೆಸಲು ಶುರು ಮಾಡಿದ್ದರು. ವ್ಯಾನು ಬಂದರೆ ಕಸುಬು ಉಳಿಯುತ್ತದೆ ಎಂಬುದು ಅವರ ಆಸೆ. ಮದುವೆಯಿಲ್ಲದ ತಿಂಗಳುಗಳಲ್ಲಿ ಸಂತೆಗೆ ತರಕಾರಿ ಹೇರಬಹುದು, ಮನೆಯವರೆಲ್ಲ ಕೂತು ನೆಂಟರೂರಿಗೂ ಹೋಗಿ ಬರಬಹುದು.

ತಿಳಿನೀಲಿ ಬಣ್ಣದ ಎಂಟು ಸೀಟಿನ ವ್ಯಾನು. ಅವರ ಕೈಗೆ ಎಟುಕುವ ಬೆಲೆಯದು. ಮಾರುವವನು ಎರಡು ದಿನ ಇಟ್ಟುಕೊಂಡು ನೋಡಿ ಎಂದಿದ್ದನಂತೆ. ಅವರು ಮಾಡಿದ ಒಂದೇ ತಪ್ಪೆಂದರೆ, ನನಗೆ ತೋರಿಸುವ ಮೊದಲೇ ಪೂಜೆ ಮಾಡಿಸಿಬಿಟ್ಟಿದ್ದರು. ಗಾಜಿನ ಮೇಲೆ ಅರಿಶಿನ ಕುಂಕುಮ, ಮುಂದೆ ಸೇವಂತಿಗೆ ಹಾರ. ಹೂವು ಮುಡಿದು ಬಂದ ಗಾಡಿಗೆ ದೋಷ ಹೇಳಲು ಬಾಯಿ ಬರುವುದಿಲ್ಲ.

“ಇದೇನು ಸುಬ್ಬರಾಯ, ಹೆಣ್ಣು ನೋಡೋಕ್ಕೆ ಮುಂಚೆ ತಾಳಿ ಕಟ್ಟಿ ಕರ್ಕೊಂಡು ಬಂದಿದೀಯ” ಎಂದೆ.

“ನಂದೇನಿಲ್ಲ ಮೇಸ್ತ್ರಿ, ಅಪ್ಪಾಜಿ ಗಳಿಗೆ ನೋಡಿಸಿಬಿಟ್ರು.”

“ನೀವು ಗಾಡಿ ಆಮೇಲೆ ನೋಡಿ, ಮೊದ್ಲು ನಮ್ಮಣ್ಣನ್ನ ನೋಡಿ” ಎಂದ ಶೇಷಾದ್ರಿ, ಹಿಂದಿನ ಸೀಟಿನಿಂದ ಇಳಿಯುತ್ತ. “ಬ್ರೇಕನ್ನ ತಾಳಕ್ಕೆ ಸರಿಯಾಗಿ ಒತ್ತುತಾನೆ. ಮುಂದೆ ಎಮ್ಮೆ ಬಂದ್ರೂ ತಾಳದ ಸುತ್ತು ಮುಗಿಯೋವರ್ಗೂ ಕಾಯ್ತಾನೆ.”

ಎಲ್ಲರೂ ನಕ್ಕರು. ಶೇಷಾದ್ರಿಯ ಹೆಂಡತಿ ಅಲಮೇಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಶೇಷಾದ್ರಿ ಕೆಂಪಂಚಿನ ಪಂಚೆ ಉಟ್ಟಿದ್ದ.

ನಾನು ನನ್ನ ಕೆಲಸ ಶುರು ಮಾಡಿದೆ. ಎಂಟು ಸೀಟಿನಲ್ಲೂ ಒಂದೊಂದು ಸಲ ಕೂತೆ. ಪಕ್ಕದ ಬಾಗಿಲು ಜಾರಿಸಿದೆ, ಕಂಬಿ ಸವೆದಿತ್ತು, ಎಣ್ಣೆ ಬಿಟ್ಟರೆ ಸಾಕು. ಟೈರಿನ ಒಳಬದಿ ತಿಂದುಹೋಗಿತ್ತು. ಹಿಂದಿನ ಮೂಲೆಯಲ್ಲಿ ನಿಂತು ಪೂರ್ತಿ ಭಾರ ಬಿಟ್ಟು ಕುಲುಕಿದೆ. ಸ್ಪ್ರಿಂಗ್ ಪಟ್ಟಿಗಳು ಬಲವಾಗಿದ್ದವು. ಜನಕ್ಕೂ ಸಾಮಾನಿಗೂ ಎರಡಕ್ಕೂ ಆಗುವ ಗಾಡಿಯೆಂದು ಮಾರುವವರು ಸುಲಭವಾಗಿ ಹೇಳುತ್ತಾರೆ. ಮೂಟೆ ತಡೆಯುವ ಪಟ್ಟಿ ಮನುಷ್ಯರ ಸೊಂಟಕ್ಕೆ ಗಡಸು. ಜನಕ್ಕೆ ಹಿತವಾದ ಪಟ್ಟಿ ಮೂಟೆಗೆ ಬಗ್ಗುತ್ತದೆ.

“ಖಾಲಿ ಇದ್ದಾಗ ಕುಲುಕತ್ತೆ. ನಾಕು ಮೂಟೆ ಬಿದ್ರೆ ಸುಮ್ಮನಾಗತ್ತೆ” ಎಂದೆ. “ಕಡೇ ಸಾಲಿನ ಸೀಟಿಗೆ ನಾಕೇ ಬೋಲ್ಟು. ಸಾಮಾನು ಹೇರೋ ದಿನ ಬಿಚ್ಚಿ ಮನೇಲಿಡಿ, ಡೋಲೂ ಹಿಡಿಯತ್ತೆ, ಒಬ್ರು ಕಾಲು ಚಾಚಿ ಮಲಗಲೂಬಹುದು.”

ಹೇಗೆ ಬಿಚ್ಚಬೇಕೆಂದು ಸುಬ್ಬರಾಯನಿಗೆ ಹೇಳಿಕೊಟ್ಟವನೂ ನಾನೇ. ಬೋಲ್ಟು ತೆಗೆದಾಗ ತಗಡಿನ ನೆಲದಲ್ಲಿ ಹೆಬ್ಬೆರಳಗಲದ ನಾಲ್ಕು ತೂತು ಕಂಡವು. ಅವುಗಳ ಮೂಲಕ ಕೆಳಗೆ ಬೆಳಕು ಕಾಣುತ್ತಿತ್ತು. ಮೇಲೆ ಚಾಪೆ ಹಾಸಿದರೆ ಆಯಿತು ಎಂದುಕೊಂಡೆ.

ಕೊನೆಗೆ ಇಂಜಿನ್ನು ಶುರು ಮಾಡಿಸಿ, ಬಟ್ಟೆ ಅದ್ದಿ ಹಿಂಡಿಕೊಂಡು ವ್ಯಾನಿನ ಹಿಂದೆ ಕೂತೆ. ಕೊಳವೆಯ ಬಾಯಿಗೆ ಬಟ್ಟೆ ತಾಗಿಸುವಷ್ಟರಲ್ಲಿ ಯಾರೋ ನನ್ನ ಮಣಿಕಟ್ಟು ಹಿಡಿದರು. ತಿರುಗಿ ನೋಡಿದರೆ ಓಬಳಪ್ಪನವರು.

“ಬೇಡ ಮೇಸ್ತ್ರಿ. ಬಾಯಿಗೆ ಬಟ್ಟೆ ಬೇಡ.”

“ಸುಮ್ನೆ ಪರೀಕ್ಷೆಗೆ ಯಜಮಾನ್ರೇ. ಒಂದ್ಗಳಿಗೆ.”

“ಬೇರೆ ಏನು ಬೇಕಾದ್ರೂ ನೋಡು. ಇದೊಂದು ಬೇಡ. ಒಳ್ಳೇ ದಿನ, ಪೂಜೆ ಆಗಿದೆ.”

ಕಾರಣ ಅವರು ಹೇಳಲಿಲ್ಲ. ನನ್ನ ಮದುವೆಗೆ ಊದಿದ ಹಿರಿಯರು, ಕೈ ಹಿಡಿದು ಕೇಳಿಕೊಳ್ಳುತ್ತಿದ್ದರು. ಬಾಗಿ, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟೆ. ಮುಂದೆ ಸುಬ್ಬರಾಯ ಹಾರನ್ನು ಬಾರಿಸಿ ನಗಿಸುತ್ತಿದ್ದ ಗದ್ದಲದಲ್ಲಿ ವಿಶೇಷವೇನೂ ಕೇಳಿಸಲಿಲ್ಲ. ಬಟ್ಟೆ ಬಕೆಟ್ಟಿಗೆ ಹಾಕಿ ಎದ್ದು ನಿಂತು, “ತಗೊಳ್ಳಿ” ಎಂದೆ.

ಆ ವ್ಯಾನಿನಿಂದ ಅವರ ಕಸುಬು ನಿಜಕ್ಕೂ ಉಳಿಯಿತು. ಡೋಲು ಒಳಗೆ ಬೆಚ್ಚಗೆ ಬರುತ್ತಿತ್ತು. ಗಾಳಿ ತಾಗದಂತೆ ಹಿಂದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಹಳೇ ಸೀರೆ ತುರುಕಿ ಒಯ್ಯುತ್ತಿದ್ದರು. ದಾರಿಯಲ್ಲಿ ಸಿಕ್ಕಾಗ ಶೇಷಾದ್ರಿ ಹಿಂದಿನಿಂದ ಕೈ ಬೀಸುತ್ತಿದ್ದ.

ಮರುವರ್ಷದ ಮದುವೆಯ ಕಾಲ. ಹತ್ತು ಹರಿದಾರಿ ಆಚೆಯ ಊರಿನಲ್ಲಿ ದೊಡ್ಡ ಮನೆಯ ಮದುವೆ. ಶೇಷಾದ್ರಿ ಬೆಳಗಿನ ಜಾವದಿಂದ ಮಧ್ಯಾಹ್ನದ ಊಟದವರೆಗೆ ಬಿಡುವಿಲ್ಲದೆ ಊದಿದನಂತೆ. ಜನ ಬಿಡಲಿಲ್ಲ, ಓಬಳಪ್ಪನವರೂ ಇನ್ನೊಂದು, ಇನ್ನೊಂದು ಎಂದು ಊದಿಸಿದರಂತೆ. ಮಗನ ನಾದ ತನ್ನದಕ್ಕಿಂತ ದೊಡ್ಡದಾದದ್ದನ್ನು ಕೇಳುವ ಸುಖ ಅವರಿಗೆ. ಊಟ ಮುಗಿಸಿ ಹೊರಟಾಗ ತುಂತುರು ಹಿಡಿದಿತ್ತು. ಸುಬ್ಬರಾಯ ಮುಂದೆ ತನ್ನ ಬದಿಯ ಗಾಜು ತುಸು ಇಳಿಸಿಕೊಂಡು ಓಡಿಸುತ್ತಿದ್ದ, ಅವನ ಪಕ್ಕ ಓಬಳಪ್ಪನವರು, ನಡುಸೀಟಿನಲ್ಲಿ ತಾಳ, ಶ್ರುತಿ ಹಿಡಿಯುವ ಇಬ್ಬರು ನೆಂಟರು. ಕಡೆಯ ಸೀಟು ಬಿಚ್ಚಿದ್ದ ಜಾಗದಲ್ಲಿ, ಡೋಲಿನ ಪಕ್ಕ ಚಾಪೆಯ ಮೇಲೆ ಶೇಷಾದ್ರಿ ಮಲಗಿದ. ಊದಿ ದಣಿದವನನ್ನು ಎಬ್ಬಿಸುವುದು ಆ ಮನೆಯಲ್ಲಿಲ್ಲ. ತಾನಾಗಿ ಏಳಬೇಕು. ನೆಂಟರಿಬ್ಬರಿಗೂ ದಾರಿಯಲ್ಲಿ ತಲೆ ಸಿಡಿದು ವಾಂತಿಯಾಯಿತು. ಮದುವೆ ಮನೆಯ ತುಪ್ಪವನ್ನು ಬೈದುಕೊಂಡರು. ಸಂಜೆಯ ಬೆಳಕಿರುವಾಗಲೇ ಮನೆ ಸೇರಿದರು. ಡೋಲು ಇಳಿಸಿದರು, ತಾಳ ಇಳಿಸಿದರು. ಅವನನ್ನು ಮಾತ್ರ ಎಬ್ಬಿಸಲಿಲ್ಲ. ಅಲಮೇಲು ಕಾಫಿ ಹಿಡಿದುಕೊಂಡು ವ್ಯಾನಿನ ಬಳಿಗೆ ಹೋಗಿ ಕಾದು ನಿಂತಳು. ಕಾಫಿ ಆರಿದ ಮೇಲೆ ಮುಟ್ಟಿ ನೋಡಿದಳು.

ನಾನು ಮಾರನೆಯ ದಿನ ಹೋದೆ. ಜಗುಲಿಯ ಮೇಲೆ ಅವನನ್ನು ಮಲಗಿಸಿದ್ದರು. ಹೆಂಗಸರು ಮುಖ ನೋಡಿ ನೋಡಿ ಅಳುತ್ತಿದ್ದರು. “ಕೆನ್ನೆ ನೋಡ್ರೇ, ಇನ್ನೂ ಊದ್ತಿರೋನ ಹಂಗೆ ಕೆಂಪಗವೆ” ಅನ್ನುತ್ತಿದ್ದರು. ನಿಜವಾಗಿಯೂ ಕೆಂಪಗಿದ್ದವು. ಆ ಕೆಂಪನ್ನು ನಾನು ಮೊದಲೊಮ್ಮೆ ನೋಡಿದ್ದೆ. ನನಗೆ ಕಸುಬು ಕಲಿಸಿದವರ ಶೆಡ್ಡಿನಲ್ಲಿ, ಚಳಿಗೆ ಬಾಗಿಲು ಹಾಕಿಕೊಂಡು ಇಂಜಿನ್ನು ಓಡಲು ಬಿಟ್ಟು ಅಲ್ಲೇ ಒರಗಿ, ಹೊಗೆ ಕುಡಿದು ಸತ್ತ ಕೆಲಸಗಾರನೊಬ್ಬನ ಮುಖದಲ್ಲಿ.

ಅವನ ಎಡಬದಿಗೆ ನಾಗಸ್ವರವನ್ನು ಮಲಗಿಸಿದ್ದರು. ಅದರ ಅಗಲವಾದ ಬಾಯಿಗೆ ಬಿಗಿಯಾಗಿ ಬಟ್ಟೆ ತುರುಕಿತ್ತು. ಅವನದೇ ಪಂಚೆಯ ತುಂಡು, ಕೆಂಪಂಚು ಹೊರಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದವರನ್ನು ಕೇಳಿದೆ. “ಊದೋನು ಹೋದ್ರೆ ಬಾಯಿ ಮುಚ್ತಾರೆ ಮೇಸ್ತ್ರಿ. ಮನೇಲಿ ಇನ್ನೊಬ್ಬ ತಗೊಳ್ಳೋವರ್ಗೂ ತೆಗೆಯಂಗಿಲ್ಲ. ಬದುಕಿರೋವಾಗ ಆ ಮಾತೂ ಆಡಲ್ಲ” ಎಂದರು. ಆ ಶುಕ್ರವಾರ ಓಬಳಪ್ಪನವರು ನನ್ನ ಮಣಿಕಟ್ಟು ಯಾಕೆ ಹಿಡಿದರೆಂದು ಆಗ ತಿಳಿಯಿತು.

ವೈದ್ಯರು ಎದೆ ನಿಂತಿದೆ ಎಂದು ಬರೆದುಕೊಟ್ಟಿದ್ದರು. ಅಲಮೇಲು ಅತ್ತೂ ಅತ್ತೂ ಗಂಟಲು ಒಣಗಿದವಳು, ಹೆಣ ಎತ್ತುವ ಹೊತ್ತಿಗೆ ಮಾವನ ಮುಂದೆ ಬಂದು ನಿಂತಳು. ಅವಳು ಕೂಗಲಿಲ್ಲ.

“ಮಗನ ಉಸಿರೆಲ್ಲ ಕಂಡೋರ ಮದುವೇಲಿ ಊದಿಸಿ ಮುಗಿಸಿಬಿಟ್ರಿ ಮಾವ. ಮನೆಗೆ ತರೋಕೆ ಒಂದಿಷ್ಟೂ ಉಳಿಸ್ಲಿಲ್ಲ.”

ಓಬಳಪ್ಪನವರು ಹೌದೆಂಬಂತೆ ತಲೆಯಾಡಿಸಿದರು. ಊರೂ ಅದನ್ನೇ ನಂಬಿತು. ಅಪ್ಪ ಆಸೆಗೆ ಬಿದ್ದು ಮಗನ ಎದೆ ಒಡೆಸಿದ ಎಂದು ಕಟಿಂಗ್ ಶಾಪಿನಲ್ಲೂ ಹಾಲಿನ ಸಾಲಿನಲ್ಲೂ ಆಡಿಕೊಂಡರು. ಆಮೇಲೆ ಅವರನ್ನು ನಾನು ಬೀದಿಯಲ್ಲಿ ಕಂಡದ್ದು ಕಡಿಮೆ. ಕಂಡರೂ ಗೋಡೆ ಪಕ್ಕಕ್ಕೆ ನಡೆಯುತ್ತಿದ್ದರು.

ನನಗೆ ಗುಮಾನಿ ಇತ್ತು. ಹೋಗಿ ವ್ಯಾನಿನ ಕೆಳಗೆ ಒಂದು ಸಲ ಮಲಗಿದ್ದರೆ ಗುಮಾನಿ ಹೋಗಿ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಹೋಗಲಿಲ್ಲ. ಗಾಡಿ ಅವರ ಹಿತ್ತಿಲಲ್ಲಿ ನಿಂತಿದೆ, ಯಾರೂ ಹತ್ತುತ್ತಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆರು ತಿಂಗಳು ಕಳೆದೆ.

ಆರು ತಿಂಗಳ ಮೇಲೆ ಸುಬ್ಬರಾಯ ಅದೇ ವ್ಯಾನನ್ನು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಗಾಜಿನ ಮೇಲಿನ ಕುಂಕುಮ ಒಣಗಿ ಕಂದಾಗಿತ್ತು.

“ವಾಲಗ ಬಿಟ್ವಿ ಮೇಸ್ತ್ರಿ. ಊದೋರಿಲ್ಲ. ಸೋಮವಾರದಿಂದ ಇಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗೋಕೆ ಒಪ್ಕೊಂಡಿದೀನಿ. ಹದಿನಾಲ್ಕು ಮಕ್ಕಳು. ಕಡೇ ಸೀಟು ಕೂಡ್ರಿಸಿಕೊಡಿ, ಗಾಡಿ ಒಂದ್ಸಲ ನೋಡಿ. ನೀವು ಹೂಂ ಅಂದ್ರೆ ಅವರ ಅಪ್ಪ ಅಮ್ಮಂದಿರಿಗೂ ಧೈರ್ಯ.”

ಅವನು ಹೋದ ಮೇಲೆ ವ್ಯಾನಿನ ಕೆಳಗೆ ಮಲಗಿದೆ. ಕಡೆಯ ಸೀಟಿನ ನಾಲ್ಕು ತೂತುಗಳ ಸರಿಕೆಳಗೆ, ಕೊಳವೆ ಬಾಗುವ ಕಡೆ ಮಣ್ಣು, ತುಕ್ಕು ಮೆತ್ತಿತ್ತು. ಉಗುರಿನಿಂದ ಕೆರೆದರೆ ಮೆತ್ತಗೆ ಉದುರಿತು. ಬಹಳ ಹಳೆಯ ಬಿರುಕು. ಹೂವು ಮುಡಿದು ಬಂದ ದಿನವೂ ಇದ್ದದ್ದೇ.

ಸುಮ್ಮನೆ ಬೆಸುಗೆ ಹಾಕಿಬಿಡೋಣ ಎಂದುಕೊಂಡೆ. ತೂತುಗಳನ್ನೂ ಮುಚ್ಚಿದರೆ ಮಕ್ಕಳಿಗೆ ಭಯವಿಲ್ಲ. ಯಾರಿಗೂ ಏನೂ ತಿಳಿಯುವುದಿಲ್ಲ. ಮುದುಕನಿಗೆ ಹೇಳಿದರೆ ಏನು ಬಂತು? ಊದಿಸಿ ಕೊಂದೆನೆಂಬ ಭಾರ ಇಳಿಸಿ, ಕೈ ಹಿಡಿದು ಕೊಂದೆನೆಂಬ ಭಾರ ಹೊರಿಸಿದಂತೆ. ಹೀಗೆ ಯೋಚಿಸುವಾಗ ನನಗೆ ಅವರ ಮೇಲಿನ ಕನಿಕರವೇ ಕಾಣುತ್ತಿತ್ತು, ನನ್ನ ಹೆಸರಿನ ಮೇಲಿನ ಆಸೆ ಕಾಣುತ್ತಿರಲಿಲ್ಲ. ಗ್ಯಾಸಿನ ಸಿಲಿಂಡರು ಉರುಳಿಸಿಕೊಂಡು ಬಂದು ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು.

ಓಬಳಪ್ಪನವರು. ಕೋಲು ಊರಿಕೊಂಡು ನಿಂತಿದ್ದರು. ತಿಂಗಳುಗಳಿಂದ ಗಡ್ಡ ತೆಗೆಸಿರಲಿಲ್ಲ.

“ಮಕ್ಕಳನ್ನ ಕೂರಿಸ್ತಾನಂತೆ” ಎಂದರು.

“ಹೂಂ ಯಜಮಾನ್ರೇ. ಕೂತ್ಕೊಳ್ಳಿ.”

ಅವರು ಕೂರಲಿಲ್ಲ. “ಅವತ್ತು ನೀನು ಬಟ್ಟೆ ಹಿಡ್ಕೊಂಡು ಕೂತಿದ್ದೆ. ಅದು ಯಾತಕ್ಕೆ ಅಂತ ನಾನು ಕೇಳ್ಲೇ ಇಲ್ಲ.”

ಏನು ಬೇಕಾದರೂ ಹೇಳಬಹುದಿತ್ತು. ಧೂಳು ಒರೆಸಲು ಎನ್ನಬಹುದಿತ್ತು, ಅವರು ನಂಬುತ್ತಿದ್ದರು. ಆ ಸುಳ್ಳು ನಾಲಗೆಯ ತುದಿಯವರೆಗೆ ಬಂದಿತ್ತು. ಕನ್ನಡಕ ತೆಗೆದಿಟ್ಟು, ಬಟ್ಟೆ ಅದ್ದಿ ಹಿಂಡಿದೆ.

“ಹೇಳೋದಲ್ಲ, ನೋಡಿ” ಎಂದು ಇಂಜಿನ್ನು ಶುರು ಮಾಡಿ, ಹಿಂದೆ ಬಂದು ಕೂತೆ. ಒಂದು ಗಳಿಗೆ ಅವರ ಮುಖ ನೋಡಿದೆ.

“ಒತ್ತು” ಎಂದರು. “ಈಗ ಇನ್ನೇನು.”

ಒತ್ತಿದೆ. ಮನಸ್ಸಿನಲ್ಲಿ ಎಣಿಸಿದೆ. ಹತ್ತಾಯಿತು, ಇಪ್ಪತ್ತಾಯಿತು. ಇಂಜಿನ್ನು ಏನೂ ಆಗದ ಹಾಗೆ ಓಡುತ್ತಲೇ ಇತ್ತು. ವ್ಯಾನಿನ ಹೊಟ್ಟೆಯೊಳಗಿಂದ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳಿತು.

ನಾನು ಬಾಯಿ ತೆರೆಯುವ ಮೊದಲೇ ಓಬಳಪ್ಪನವರು ಕೋಲು ಕೆಳಗಿಟ್ಟಿದ್ದರು. ಅರುವತ್ತು ವರ್ಷ ಕೊಳವೆಯ ಜೊತೆ ಬಾಳಿದವರಿಗೆ, ಬಾಯಿ ಮುಚ್ಚಿದ ಮೇಲೂ ಕೊಳವೆ ಉಸಿರಾಡುತ್ತಿದ್ದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಜಾರುಬಾಗಿಲಿನಿಂದ ಒಳಗೆ ಹತ್ತಿ, ಮಂಡಿಯೂರಿ, ತಗಡಿನ ನೆಲದ ಮೇಲೆ ಬೆರಳಾಡಿಸಿದರು. ನಾಲ್ಕು ತೂತುಗಳನ್ನೂ ಹುಡುಕಿ, ನಾಗಸ್ವರದ ತೂತಿನ ಮೇಲೆ ಇಡುವ ಹಾಗೆ, ಒಂದೊಂದರ ಮೇಲೂ ಬೆರಳಿಟ್ಟರು. ಮುಚ್ಚಿದಾಗ ಸದ್ದು ಅಡಗುತ್ತಿತ್ತು. ತೆರೆದಾಗ ಹೊರಡುತ್ತಿತ್ತು. ಹಾಗೆ ಬಹಳ ಹೊತ್ತು ಮಾಡಿದರು. ನಾನು ಇಂಜಿನ್ನು ನಿಲ್ಲಿಸಿದೆ.

“ಇಲ್ಲೇ ತಲೆ ಇಟ್ಟಿದ್ದ” ಎಂದರು. “ನಾನು ಕೈ ಹಿಡಿದೆ.”

“ನಾನು ಬಿಟ್ಟೆ, ಯಜಮಾನ್ರೇ. ಬಟ್ಟೆ ಯಾತಕ್ಕೆ ಅಂತ ನಿಮಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಆಮೇಲೆ ಮುಖ ನೋಡಿದ ದಿನಾನೂ ಗೊತ್ತಾಗಿತ್ತು, ಸುಮ್ಮನಿದ್ದೆ.”

ಅವರು ವ್ಯಾನಿನಿಂದ ಇಳಿದು, ಕೋಲು ಹುಡುಕಿಕೊಂಡು, “ಬಾ” ಎಂದರು. “ಆ ಹುಡುಗಿಗೆ ಹೇಳ್ಬೇಕು. ನಾನೊಬ್ನೇ ಹೇಳಿದ್ರೆ ತಪ್ಪಿಸಿಕೊಳ್ಳೋಕೆ ಹೇಳ್ತಾನೆ ಅಂತಾಳೆ.”

ಅಲಮೇಲು ನಡುಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದಳು. ಗೂಡಿನಲ್ಲಿ ನಾಗಸ್ವರವಿತ್ತು, ಬಾಯಲ್ಲಿ ಅದೇ ಬಟ್ಟೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ನಡುವೆ ನನ್ನ ಆರು ತಿಂಗಳನ್ನೂ ಬಿಡದೆ. ಓಬಳಪ್ಪನವರು ತಮ್ಮ ಪಾಲನ್ನು ತಾವೇ ಹೇಳಿದರು. ಅವಳ ಕೈ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ದಾರ ಕಚ್ಚಿ ಕಡಿದು, ನನ್ನನ್ನು ನೋಡಿದಳು.

“ಆ ಬಟ್ಟೇನ ಎಷ್ಟು ಹೊತ್ತು ಹಿಡೀಬೇಕಿತ್ತು?”

“ಹತ್ತು ಎಣಿಸೋವಷ್ಟು, ತಾಯಿ.”

“ಹತ್ತು” ಎಂದಳು. ತುಟಿ ಅಲ್ಲಾಡಿತು. ಒಂದರಿಂದ ಶುರು ಮಾಡಿ ಸದ್ದಿಲ್ಲದೆ ಎಣಿಸುತ್ತಿದ್ದಳು. ನಾವಿಬ್ಬರೂ ಅವಳು ಮುಗಿಸುವವರೆಗೆ ನಿಂತಿದ್ದೆವು. ಅಷ್ಟು ಉದ್ದದ ಹೊತ್ತು ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಆಮೇಲೆ ಅವಳು ಎದ್ದು ಗೂಡಿನ ಬಳಿಗೆ ಹೋದಳು. ನಾಗಸ್ವರ ಇಳಿಸಿ, ಬಾಯಲ್ಲಿದ್ದ ಬಟ್ಟೆ ಎಳೆದಳು. ಗಟ್ಟಿಯಾಗಿ ಕೂತಿತ್ತು, ಎರಡು ಸಲ ಎಳೆಯಬೇಕಾಯಿತು. ಇನ್ನೊಬ್ಬ ಊದುವವನು ಬರುವ ಮುಂಚೆ ತೆಗೆಯಬಾರದ ಬಟ್ಟೆ. ಓಬಳಪ್ಪನವರ ಕೈ ಮೇಲೆದ್ದಿತು, ಅರ್ಧದಲ್ಲಿ ನಿಂತಿತು. ಈ ಸಲ ಅವರು ತಡೆಯಲಿಲ್ಲ.

“ಇದು ಇಲ್ಲಿದ್ದು ಏನ್ಮಾಡತ್ತೆ” ಎಂದು ಅದನ್ನು ನನ್ನ ಕೈಗೆ ಹಾಕಿದಳು. “ನಿಮ್ಮ ಹತ್ರ ಇರ್ಲಿ. ಹೂವು ಹಾಕ್ಕೊಂಡು ಬಂದ್ರೂ ಬಿಡಬೇಡಿ.”

ವ್ಯಾನಿಗೆ ಬೆಸುಗೆಯಲ್ಲ, ಹೊಸ ಕೊಳವೆಯನ್ನೇ ಹಾಕಿದೆ. ತೂತುಗಳಿಗೆ ತಗಡು ಕೂರಿಸಿದೆ. ಯಾಕೆಂದು ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದಷ್ಟು ಜನ ನನ್ನ ಶೆಡ್ಡಿಗೆ ಬರುವುದನ್ನು ಬಿಟ್ಟರು. ಓಬಳಪ್ಪನವರು ಗೋಡೆ ಪಕ್ಕ ನಡೆಯುವುದನ್ನು ಮಾತ್ರ ಬಿಡಲಿಲ್ಲ. ಎರಡು ವರ್ಷ ಇದ್ದು ಹೋದರು. ಅವರ ಪಕ್ಕದಲ್ಲಿ ಮಲಗಿಸಿದ ನಾಗಸ್ವರದ ಬಾಯಿಗೆ ಯಾರೂ ಏನನ್ನೂ ತುರುಕಲಿಲ್ಲ. ಅಲಮೇಲು ಬೇಡವೆಂದಳಂತೆ.

ಈಗಲೂ ಯಾರಾದರೂ ವ್ಯಾನು ತಂದರೆ, ಹಾರವಿರಲಿ, ಕುಂಕುಮವಿರಲಿ, ಆ ಬಟ್ಟೆಯನ್ನು ಅದ್ದಿ ಹಿಂದೆ ಹೋಗಿ ಕೂರುತ್ತೇನೆ. ಕೊಳವೆಯ ಬಾಯಿಗೆ ಒತ್ತಿ ಹಿಡಿಯುತ್ತೇನೆ. ಬಿಸಿ ಅಂಗೈಗೆ ತಾಗುತ್ತದೆ. ಇಂಜಿನ್ನು ತಡವರಿಸುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ. “ನಿಲ್ತಲ್ಲ ಮೇಸ್ತ್ರಿ, ಇನ್ನು ಏಳಿ” ಅನ್ನುತ್ತಾರೆ ಗಾಡಿಯವರು. ನಾನು ಏಳುವುದಿಲ್ಲ. ಒಂದರಿಂದ ಮತ್ತೆ ಎಣಿಸಿ, ಹತ್ತು ಮುಗಿಯುವವರೆಗೆ ಕೈ ತೆಗೆಯುವುದಿಲ್ಲ.